ಕುಲಾವಿಯ ಅಳತೆ

ಬೆಂಗಳೂರಿನ ಚಳಿಯನ್ನು ಹೊರಗಿನವರು ಚಳಿ ಎಂದು ಒಪ್ಪುವುದೇ ಇಲ್ಲ. ಬೀದರಿನವರು ನಗುತ್ತಾರೆ, ದಿಲ್ಲಿಯಿಂದ ಬಂದವರು ಫ್ಯಾನು ಹಾಕಿಕೊಂಡು ಮಲಗುತ್ತಾರೆ. ಈ ಊರಿನ ದಾಖಲೆ ಚಳಿ 7.8 ಡಿಗ್ರಿ, ಅದೂ 1884ರ ಜನವರಿಯ ಮಾತು. ಆದರೂ ಡಿಸೆಂಬರಿನಲ್ಲಿ ಹದಿನೈದಕ್ಕೆ ಇಳಿಯಿತೆಂದರೆ ಸಾಕು, ನಮ್ಮ ಪಾರ್ಕಿನ ತುಂಬ ಮಂಕಿ ಕ್ಯಾಪುಗಳು ಓಡಾಡತೊಡಗುತ್ತವೆ. ಯಾರಿಗೆ ನಮಸ್ಕಾರ ಹಾಕಿದೆವೆಂಬುದು ಬಿಸಿಲೇರಿದ ಮೇಲೆಯೇ ತಿಳಿಯುವುದು. ಈ ಟೋಪಿಗೆ ಬಾಲಕ್ಲಾವಾ ಎಂಬ ಗಂಭೀರ ಹೆಸರೂ ಇದೆ. 1854ರಲ್ಲಿ ಕ್ರಿಮಿಯಾ ಯುದ್ಧದ ಕದನವೊಂದು ನಡೆದ ಊರಿನ ಹೆಸರು ಅದು. ಅಂಥ ರಣಭೂಮಿಯ ಹೆಸರು ಹೊತ್ತದ್ದು ನಮ್ಮಲ್ಲಿಗೆ ಬಂದು ಮಂಗನ ಟೋಪಿಯಾಯಿತು.

ನನಗೆ ಅದು ಒಗ್ಗದು. ಕಿವಿ ಕಡಿಯುತ್ತದೆ, ಕನ್ನಡಕದ ಮೇಲೆ ಮಂಜು ಕೂರುತ್ತದೆ. ಹಾಗೆಂದು ಬೋಳುತಲೆಯಲ್ಲಿ ಹೊರಡುವಂತೆಯೂ ಇಲ್ಲ. ಒಂದು ಸಾದಾ ಟೋಪಿಯನ್ನು ಮನೆಯಲ್ಲೇ ಹೊಲಿದುಕೊಂಡರಾಯಿತು ಎಂದೆ. ಮಷೀನು ಮುಟ್ಟಲು ಮನೆಯಾಕೆ ಬಿಡಲಿಲ್ಲ. ಸೂಜಿ ದಾರ ಕೈಗೆ ಕೊಟ್ಟು, "ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರೆ. ನಿಮ್ಮ ಕೂಸಿಗೆ ಐವತ್ತೆಂಟು ವರ್ಷ, ಅವಸರ ಏನಿಲ್ಲ" ಎಂದಳು.

ಆ ಗಾದೆ ನನಗೆ ಆಮೇಲೆ ಬಹಳ ಕಾಡಿತು. ಅದಕ್ಕೆ ಬರುತ್ತೇನೆ.

ಹಳೆಯ ಫ್ಲಾನೆಲ್ ಅಂಗಿಯಿಂದ ಶುರುಮಾಡಿದೆ. ಟೇಪಿನಲ್ಲಿ ಅಳೆದರೆ ನನ್ನ ತಲೆಯ ಸುತ್ತಳತೆ ಇಪ್ಪತ್ತೆರಡೂವರೆ ಇಂಚು. ಅಷ್ಟೇ ಕತ್ತರಿಸಿದೆ. ಲೆಕ್ಕ ಪಕ್ಕಾ ಇತ್ತು, ಆದರೆ ಹೊಲಿಗೆಯೂ ಬಟ್ಟೆ ತಿನ್ನುತ್ತದೆ ಎಂಬುದು ಲೆಕ್ಕದಲ್ಲಿ ಇರಲಿಲ್ಲ. ಅಂಚಿಗೆ ಇಷ್ಟು, ಜೋಡಣೆಗೆ ಇಷ್ಟು ಎಂದು ಒಂದೂವರೆ ಇಂಚು ಒಳಗೆ ಹೋಗಿಬಿಟ್ಟಿತು. ಫ್ಲಾನೆಲ್ ನೇಯ್ದ ಬಟ್ಟೆ, ಎಳೆದರೆ ಹಿಗ್ಗುವುದಿಲ್ಲ. ಟೋಪಿ ನೆತ್ತಿಯ ಮೇಲೆ ಕುಳಿತಿತೇ ಹೊರತು ಕೆಳಗಿಳಿಯಲಿಲ್ಲ. ಇನ್ನು ಅದರ ಆಕಾರ. ಮೇಲುಭಾಗಕ್ಕೆ ನಾಲ್ಕು ಎಸಳು ಕತ್ತರಿಸಿ ಕೂಡಿಸಬೇಕು, ಕಿತ್ತಳೆ ಸಿಪ್ಪೆಯನ್ನು ಬಿಡಿಸಿ ಮತ್ತೆ ಹಣ್ಣಿಗೆ ಮುಚ್ಚಿದಂತೆ. ಎಸಳಿನ ಅಂಚು ಹೊಟ್ಟೆ ಉಬ್ಬಿಸಿಕೊಂಡಿರಬೇಕು. ನಾನು ಸ್ಕೇಲು ಇಟ್ಟು ನೆಟ್ಟಗೆ ಗೆರೆ ಎಳೆದಿದ್ದೆ. ಹೊಲಿದು ಮುಗಿಸಿದಾಗ ಎದ್ದುನಿಂತದ್ದು ದೇವಸ್ಥಾನದ ಶಿಖರ. ಸಪಾಟು ಬಟ್ಟೆಗೆ ದುಂಡು ತಲೆಯ ಮೇಲೆ ಮೊದಲಿನಿಂದಲೂ ಹಗೆ. ನಾಲ್ಕು ಹೊಲಿಗೆ ಸೇರುವ ತುದಿಯಲ್ಲಂತೂ ಒಂದು ಗಂಟು, ಪಕ್ಕದಲ್ಲೇ ಒಂದು ತೂತು. ಟೋಪಿಗಳ ನೆತ್ತಿಯಲ್ಲಿ ಗೊಂಡೆ ಯಾಕಿರುತ್ತದೆಂದು ಅವತ್ತು ಅರ್ಥವಾಯಿತು. ಅದು ಶೃಂಗಾರವಲ್ಲ, ಹೊಲಿದವನ ಮಾನ ಮುಚ್ಚುವ ಉಪಾಯ.

ಆ ಶಿಖರ ಈಗ ನಮ್ಮ ಕಾಫಿ ಫಿಲ್ಟರಿನ ಮೇಲೆ ಕೂತಿದೆ. ಡಿಕಾಕ್ಷನ್ನು ಬೇಗ ಆರುವುದಿಲ್ಲ. ಅಳತೆಯೂ ಅದಕ್ಕೇ ತೆಗೆದದ್ದು ಎಂಬಂತೆ ಹೊಂದಿಕೊಂಡಿದೆ.

ಎರಡನೆಯ ಸಲಕ್ಕೆ ಹಳೆಯ ಸ್ವೆಟರನ್ನು ಹಿಡಿದೆ. ಹಿಗ್ಗುವ ಬಟ್ಟೆಯಾದರೆ ತಲೆಯ ಅಳತೆಗಿಂತ ಎರಡು ಇಂಚು ಕಮ್ಮಿಯೇ ಕತ್ತರಿಸಬೇಕು. ಹಿಗ್ಗುವ ದಿಕ್ಕು ತಲೆಯ ಸುತ್ತ ಬರಬೇಕು, ಮೇಲೆ ಕೆಳಗಲ್ಲ. ಸ್ವೆಟರಿನ ಇನ್ನೊಂದು ಉಪಕಾರವೆಂದರೆ ಕೆಳಗಿನ ಪಟ್ಟಿ. ಸೊಂಟ ಹಿಡಿದುಕೊಂಡಿದ್ದ ಅದೇ ಪಟ್ಟಿ ಈಗ ಹಣೆ ಹಿಡಿದುಕೊಳ್ಳುತ್ತದೆ, ಅಂಚು ಮಡಿಸುವ ಕೆಲಸವೇ ಇಲ್ಲ. ಹೆದರಿಕೆ ಒಂದೇ. ಹೆಣಿಗೆಯ ಬಟ್ಟೆಗೆ ಕತ್ತರಿ ಬಿತ್ತೆಂದರೆ ಒಂದು ಕುಣಿಕೆ ಬಿಚ್ಚಿ, ಅದರ ಹಿಂದೆ ಇನ್ನೊಂದು ಬಿಚ್ಚಿ, ಟೋಪಿಯಾಗಬೇಕಾದದ್ದು ಉಂಡೆಯಾಗಿಬಿಡುತ್ತದೆ. ಅಪ್ಪಟ ಉಣ್ಣೆಯಾದರೆ ಇದಕ್ಕೂ ಮದ್ದಿದೆ. ಕುದಿಯುವಷ್ಟು ಬಿಸಿಯ ಸೋಪಿನ ನೀರಿನಲ್ಲಿ ಹಾಕಿ ಚೆನ್ನಾಗಿ ತಿಕ್ಕಿದರೆ ಎಳೆಗಳ ಮೇಲಿನ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ದಟ್ಟವಾಗುತ್ತದೆ. ಆಮೇಲೆ ಎಲ್ಲಿ ಕತ್ತರಿಸಿದರೂ ಬಿಚ್ಚುವುದಿಲ್ಲ.

ನನ್ನದು ಅಪ್ಪಟ ಉಣ್ಣೆಯೇ. ಹತ್ತು ವರ್ಷದ ಹಿಂದೆ ಯಾವುದೋ ಪ್ರವಾಸದಲ್ಲಿ, ಅಂಗಡಿಯಾತ ದೇವರಾಣೆ ಇಟ್ಟು ಕೊಟ್ಟದ್ದು. ಬಕೆಟ್ಟಿನಲ್ಲಿ ಹಾಕಿ ಒಂದು ತಾಸು ತಿಕ್ಕಿದೆ. ರಟ್ಟೆ ದಟ್ಟವಾಯಿತು, ಸ್ವೆಟರು ಆಗಲಿಲ್ಲ. ಅನುಮಾನ ಬಂದು ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಬೂದಿ ಉಳಿಯಬೇಕು. ಇದು ಕರಗಿ ತೊಟ್ಟಿಕ್ಕಿ, ಕಪ್ಪು ಮಣಿಯಾಗಿ ಗಟ್ಟಿಯಾಯಿತು. ಆಕ್ರಿಲಿಕ್. ಟೋಪಿ ಹೊಲಿಯಲು ಕೂತಾಗ ಗೊತ್ತಾಯಿತು, ಆ ಪುಣ್ಯಾತ್ಮ ನನಗೆ ಹತ್ತು ವರ್ಷದ ಹಿಂದೆಯೇ ಟೋಪಿ ಹಾಕಿದ್ದ.

ಇರಲಿ. ಕತ್ತರಿಸುವ ಗೆರೆಯ ಒಳಬದಿಗೆ ಮೊದಲೇ ಎರಡು ಸಾಲು ಹೊಲಿಗೆ ಹಾಕಿಕೊಂಡು, ಆಮೇಲೆ ಕತ್ತರಿ ಆಡಿಸಿದೆ. ಎಳೆದರೆ ದಾರ ಪಟ್ಟೆಂದು ಹರಿಯಬಾರದೆಂದು ಪ್ರತಿ ಹೊಲಿಗೆಯನ್ನೂ ಒಂದು ಹೆಜ್ಜೆ ಹಿಂದೆ ಬಂದು ಎರಡು ಹೆಜ್ಜೆ ಮುಂದೆ ಹೋಗುವಂತೆ, ತುಸು ಸಡಿಲವಾಗಿ ಹಾಕಿದೆ. ಈ ಸಲ ಎಸಳುಗಳಿಗೆ ಸ್ಕೇಲು ಮುಟ್ಟಿಸಲಿಲ್ಲ, ಊಟದ ತಟ್ಟೆಯ ಅಂಚಿಟ್ಟು ಗೆರೆ ಎಳೆದೆ. ಎರಡು ಸಂಜೆ ಹಿಡಿಯಿತು. ಟೋಪಿ ಕಿವಿಯವರೆಗೆ ಇಳಿಯಿತು. ನೆತ್ತಿಯಲ್ಲಿ ಗೊಂಡೆಯೂ ಇದೆ, ಯಾಕೆಂದು ಕೇಳಬೇಡಿ.

ಈಗ ಆ ಗಾದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಾವು ತಲೆತಲಾಂತರದಿಂದ ಆಡಿಕೊಳ್ಳುತ್ತ ಬಂದಿದ್ದೇವೆ. ಆದರೆ ದಿನ ತುಂಬಿ ಹುಟ್ಟಿದ ಕೂಸುಗಳ ತಲೆ ಸಾಮಾನ್ಯವಾಗಿ 33ರಿಂದ 36 ಸೆಂಟಿಮೀಟರ್ ಸುತ್ತಳತೆಯೊಳಗೇ ಇರುತ್ತದೆ, ಬಡವರದೂ ಅಷ್ಟೆ, ಸಾಹುಕಾರರದೂ ಅಷ್ಟೆ. ಹುಟ್ಟುವ ಮುಂಚೆ ಧೈರ್ಯವಾಗಿ ಹೊಲಿಯಬಹುದಾದ ಬಟ್ಟೆ ಯಾವುದಾದರೂ ಇದ್ದರೆ ಅದು ಕುಲಾವಿಯೇ. ಅದರ ಅಗತ್ಯವೂ ಸುಳ್ಳಲ್ಲ. ನಮ್ಮಂಥ ದೊಡ್ಡವರಿಗೆ ತಲೆಯೆಂಬುದು ಮೈಯ ಹತ್ತನೇ ಒಂದು ಪಾಲು ಮಾತ್ರ. ಮೈಬಿಸಿಯೆಲ್ಲ ನೆತ್ತಿಯಿಂದಲೇ ಹಾರಿಹೋಗುತ್ತದೆನ್ನುವುದು ಬರೀ ಉತ್ಪ್ರೇಕ್ಷೆ. ಎಳೆಗೂಸಿಗೆ ಹೆಚ್ಚುಕಮ್ಮಿ ಐದನೇ ಒಂದು ಪಾಲು ತಲೆಯೇ. ಅದನ್ನು ಮುಚ್ಚುವುದೆಂದರೆ ಅರ್ಧ ಅಂಗಿ ತೊಡಿಸಿದಂತೆ.

ಈ ಸಂಶೋಧನೆಯನ್ನು ಧಾರವಾಡದಲ್ಲಿರುವ ಅವ್ವನಿಗೆ ಫೋನಿನಲ್ಲಿ ಒಪ್ಪಿಸಿದೆ. ನಮ್ಮ ಕಡೆ ಕುಲಾವಿಗಿಂತ ಕುಂಚಿಗೆ ಜಾಸ್ತಿ. ತಲೆಯಿಂದ ಬೆನ್ನಿನವರೆಗೆ ಇಳಿಬಿದ್ದು ಕುತ್ತಿಗೆಯನ್ನೂ ಬೆಚ್ಚಗಿಡುವಂಥದು, ಗುಳೇದಗುಡ್ಡದ ಖಣದಲ್ಲಿ ಹೊಲಿಯುತ್ತಿದ್ದರು.

"ನಿನ್ನ ಕುಂಚಗಿ ನೀ ಹುಟ್ಟೂಕಿಂತ ಮೊದಲ ಹೊಲದಿದ್ದೆ" ಎಂದಳು ಅವ್ವ. "ಕುಪ್ಪಸ ಹೊಲದು ಉಳದಿದ್ದ ಖಣದ ತುಂಡು. ಯಾರಾದ್ರೂ ನಕ್ಕಾರಂತ ಟ್ರಂಕಿನ ತಳಾಗ ಮುಚ್ಚಿಟ್ಟಿದ್ದೆ."

"ಸರಿಯಾಗಿ ಕೂತಿತ್ತೇನವ್ವಾ?"

"ಕೂಡಲಾರದ ಏನು? ಮೊದಲ ಸಲಕ್ಕ ಕೂತಿತ್ತು. ನಂಗೂ ಒಂದು ಹೊಲದು ಕಳಸು. ರಾತ್ರಿ ಸೆರಗು ಜಾರತೈತಿ, ತಲಿ ತಣ್ಣಗಾಗತೈತಿ."

ತಲೆಯ ಅಳತೆ ತೆಗೆದು ಹೇಳು ಎಂದೆ. ಫೋನು ಕೆಳಗಿಟ್ಟ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ, "ಎರಡೂವರಿ ಗೇಣು, ಮ್ಯಾಲ ಎರಡು ಬೊಟ್ಟು."

"ತುರುಬು ಹಿಡಿದೋ ಬಿಟ್ಟೋ?"

"ತುರುಬು ಎಲ್ಲಿ ಬಿಡಲಿ? ಅದಕ್ಕೂ ಜಾಗಾ ಮಾಡು."

ನನ್ನ ಎಸಳಿನ ಲೆಕ್ಕದಲ್ಲಿ ತುರುಬಿಗೆ ಜಾಗವಿರಲಿಲ್ಲ. ಗೇಣಿಗೂ ಇರಲಿಲ್ಲ. ಮೇಜಿನ ಮೇಲೆ ನನ್ನ ಕೈಯನ್ನೇ ಚಾಚಿ ಟೇಪು ಹಿಡಿದೆ, ಒಂಬತ್ತು ಇಂಚು ಬಂತು. ಮನೆಯಾಕೆಯದು ಏಳೂವರೆ. ಅವ್ವನ ಗೇಣು ಒಂದು ಕಾಲಕ್ಕೆ ದೊಡ್ಡದಿತ್ತು, ಈಗ ಬೆರಳು ಡೊಂಕಾಗಿವೆ. ಎಷ್ಟೆಂದು ಹಿಡಿಯಲಿ? ಬಟ್ಟೆ ಕತ್ತರಿಸದೆ ಮತ್ತೆ ಫೋನು ಮಾಡಿದೆ.

"ಸಂಕ್ರಾಂತಿಗೆ ಬರ್ತೀಯಲ್ಲ, ಬಂದು ಅಳಿ" ಎಂದಳು. "ಹೊಲಿಯೂದೂ ಇಲ್ಲೇ ಆಗಲಿ. ಸೂಜಿ ಬೇಕಾದಷ್ಟು ಅದಾವ, ದಾರ ಪೋಣಸಾಕ ಯಾರೂ ಇಲ್ಲ."