ಇಲ್ಲಿ ಬರೆಯಬಾರದು

ನಮ್ಮೂರಿನ ಹೊಯ್ಸಳರ ಗುಡಿ ಪಕ್ಕ ಬರಹಗಾರರಿಗೆ ಅಂತ ಒಂದು ‘ಬರಹ ತಾಣ’ ಕಟ್ಟಿದ್ದಾರೆ. ಪೇಟೆಯಿಂದ ಬಂದ ಕಲಾವಿದರೊಬ್ಬರ ವಿನ್ಯಾಸ. ಪಕ್ಕ ಅಂದರೆ ತೀರಾ ಪಕ್ಕ ಅಲ್ಲ, ನೂರು ಮೀಟರ್ ಆಚೆ. ಅದರ ಕತೆ ಆಮೇಲೆ ಹೇಳ್ತೇನೆ.

ಮೊದಲು ಇದು ಹುಟ್ಟಿದ್ದು ಹೇಗೆ ಅಂದರೆ, 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದವು. ಅವತ್ತಿನಿಂದ ಪಟ್ಟಿಗೆ ಸೇರದ ಊರಿನವರಿಗೆಲ್ಲ ಹೊಟ್ಟೆಯಲ್ಲಿ ಒಂಥರಾ ಸಂಕಟ. ನಮ್ಮದೂ ಹೊಯ್ಸಳರದ್ದೇ, ನಮ್ಮಲ್ಲೂ ನಕ್ಷತ್ರಾಕಾರದ ಜಗತಿ ಇದೆ, ಆನೆ ಸಾಲು ಇದೆ, ಮೂಗು ಮುರಿದ ಮದನಿಕೆ ಕೂಡ ಇದ್ದಾಳೆ. ಹಾಗಾದರೆ ಇಲ್ಲದ್ದು ಏನು? ಸಭೆ ಕರೆದು ಯೋಚಿಸಿದರು. ಕುಡಿಯುವ ನೀರು ಇಲ್ಲ, ನೆರಳು ಇಲ್ಲ, ಬಸ್ಸು ಸರಿಯಾಗಿ ಇಲ್ಲ. ಎಲ್ಲರೂ ಒಮ್ಮತದಿಂದ ‘ಸೃಜನಶೀಲ ವಾತಾವರಣ ಇಲ್ಲ’ ಅಂತ ತೀರ್ಮಾನಿಸಿದರು.

ನನ್ನ ಎರಡು ಪುಸ್ತಕ ಬಂದಿವೆ. ಒಂದರ ಉಳಿದ ಪ್ರತಿಗಳು ಇನ್ನೂ ನಮ್ಮ ಅಟ್ಟದಲ್ಲಿವೆ. ಈ ಅರ್ಹತೆ ಮೇಲೆ ನನ್ನನ್ನೂ ಸಮಿತಿಗೆ ಹಾಕಿಕೊಂಡರು.

ಕಲಾವಿದರು ತಮ್ಮ ಪರಿಕಲ್ಪನೆಯನ್ನು ಪರದೆ ಮೇಲೆ ತೋರಿಸಿದರು. ತಾಣದ ಚಾವಣಿ ತಾಳೆಗರಿ ಆಕಾರದ್ದು. ಉದ್ದಕ್ಕೆ, ಸಪೂರಕ್ಕೆ, ಚೆಂದವಾಗೇ ಇತ್ತು. ಹಳೇ ಓಲೆಗರಿಯಲ್ಲಿ ದಾರ ಪೋಣಿಸಲಿಕ್ಕೆ ಒಂದು ತೂತು ಇರುತ್ತದೆ, ಅಲ್ವಾ? ಚಾವಣಿಯಲ್ಲೂ ಅದೇ ಜಾಗಕ್ಕೆ ಒಂದು ತೂತು. ತೂತಿನ ಸರಿಯಾಗಿ ಕೆಳಗೆ ಬರೆಯುವ ಮೇಜು.

‘ಮಳೆ ಬಂದರೆ?’ ಅಂದೆ.

‘ಬರಲಿ ಸಾರ್. ಆಕಾಶವೂ ಬರಹದಲ್ಲಿ ಪಾಲುಗೊಳ್ಳಲಿ.’

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಪಾಲುಗೊಳ್ಳುವ ರಭಸ ಅವರಿಗೆ ಗೊತ್ತಿದ್ದ ಹಾಗೆ ಕಾಣಲಿಲ್ಲ. ಕುರ್ಚಿ ಎಲ್ಲಿ ಅಂತ ಇನ್ನೊಬ್ಬರು ಕೇಳಿದರು. ಕುರ್ಚಿ ಇಲ್ಲವಂತೆ. ಬರೆಯುವವನು ಮೊದಲು ಕೂರುವ ಅಭ್ಯಾಸವನ್ನು ಮರೆಯಬೇಕಂತೆ. ಅದಕ್ಕೇ ಓರೆಯಾದ ಒಂದು ಕಲ್ಲು. ಕೂತರೆ ಜಾರುತ್ತದೆ. ಜಾರುವುದೇ ಕಾನ್ಸೆಪ್ಟ್.

ಹಾಗಂತ ಕಲಾವಿದರ ಮೇಲೆ ನನಗೆ ಸಿಟ್ಟಿಲ್ಲ. ಅವರು ಓಲೆಗರಿಯನ್ನಾದರೂ ಕಣ್ಣಾರೆ ನೋಡಿದ್ದರು. ಸಮಿತಿಯ ಉಳಿದವರು ಗುಡಿಯನ್ನೇ ನೋಡಿರಲಿಲ್ಲ. ನೋಡಿದ್ದರೆ ಒಂದು ಮಾತು ತಟ್ಟನೆ ಹೊಳೆಯುತ್ತಿತ್ತು. ಹೊಯ್ಸಳರು ಗುಡಿ ಕಟ್ಟಿದ್ದು ಬಳಪದ ಕಲ್ಲಿನಿಂದ. ನಮ್ಮಜ್ಜ ಕಡತದ ಮೇಲೆ ಲೆಕ್ಕ ಬರೆಯುತ್ತಿದ್ದುದೂ ಬಳಪದಿಂದಲೇ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿದರೆ ಕಡತ ಆಯಿತು. ಅದರ ಮೇಲೆ ಬಳಪ ಓಡುತ್ತಿತ್ತು. ಅಂದರೆ ಊರ ನಡುವೆ 800 ವರ್ಷದಿಂದ ಒಂದು ದೊಡ್ಡ ಬಳಪವೇ ನಿಂತಿದೆ. ಅದರ ಪಕ್ಕ ಸಿಮೆಂಟು ತಂದು ಬರಹದ ವಾತಾವರಣ ಕಟ್ಟುತ್ತೇವೆ ಅಂತ ಹೊರಟಿದ್ದರು ಇವರು.

ನಾನು ಇದನ್ನು ಸಭೆಯಲ್ಲಿ ಹೇಳಿದೆ. ನಡಾವಳಿಯಲ್ಲಿ ‘ಸದಸ್ಯರು ಬಳಪ ಒದಗಿಸುವಂತೆ ಕೋರಿದರು’ ಅಂತ ಬರೆದುಕೊಂಡರು.

ಇನ್ನು ನೂರು ಮೀಟರ್ ಕತೆ. ಪುರಾತನ ಸ್ಮಾರಕಗಳ ಕಾಯ್ದೆ 1958ರದ್ದು. 2010ರಲ್ಲಿ ಅದಕ್ಕೆ ತಿದ್ದುಪಡಿ ಆಯಿತು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ಒಳ್ಳೇ ಕಾನೂನು, ಅದಿಲ್ಲದಿದ್ದರೆ ನವರಂಗದಲ್ಲೇ ಮೊಬೈಲ್ ಅಂಗಡಿ ಇರುತ್ತಿತ್ತು. ಟೇಪು ಹಿಡಿದು ಅಳೆದರು. ನೂರು ಮೀಟರ್ ಹೋಗಿ ನಿಂತದ್ದು ಸಾರ್ವಜನಿಕ ಶೌಚಾಲಯದ ಹಿಂದೆ. ಅನುಮತಿ ಬರಲಿಕ್ಕೆ ಹಿಡಿದ ಕಾಲದಲ್ಲಿ ಒಂದು ಕಾದಂಬರಿ ಬರೆದು ಮುಗಿಸಬಹುದಿತ್ತು. ಆದರೆ ತಾಣ ಇಲ್ಲದೆ ಬರೆಯುವುದಾದರೂ ಹೇಗೆ?

ಕರಪತ್ರದಲ್ಲಿ ‘ಕಿಟಕಿಯಾಚೆ ಇತಿಹಾಸ’ ಅಂತಿದೆ. ಕಿಟಕಿಯಾಚೆ ಕಾಣುವುದು ಶೌಚಾಲಯದ ನೀರಿನ ಟ್ಯಾಂಕು. ಅದು ತುಂಬಿ ಹರಿದಾಗ ಮಾತ್ರ ತುಂಗಭದ್ರೆಯ ನೆನಪಾಗುತ್ತದೆ.

ಉದ್ಘಾಟನೆ ದಿನ ಮುಖ್ಯ ಅತಿಥಿಗಳು ಅತ್ತಿಮಬ್ಬೆಯ ಹೆಸರು ತೆಗೆದರು. ಸಂತೋಷ ಆಯಿತು. ಆಮೇಲೆ ಯೋಚಿಸಿದೆ. ಸುಮಾರು ಸಾವಿರ ವರ್ಷದ ಹಿಂದೆ ಆಕೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಸಿ ಹಂಚಿದಳು ಅಂತ ಓದಿದ್ದೇವೆ. ಅಂದರೆ ಆಕೆ ದುಡ್ಡು ಕೊಟ್ಟದ್ದು ಬರೆಯುವವರಿಗೆ. ಚಾವಣಿಗೆ ಅಲ್ಲ, ಟೈಲ್ಸಿಗೆ ಅಲ್ಲ. ನಮ್ಮ ತಾಣದ ಲೆಕ್ಕಪತ್ರ ನಾನು ನೋಡಿದ್ದೇನೆ. ಅದರಲ್ಲಿ ಗಾರೆ ಕೆಲಸ ಇದೆ, ಲೈಟಿಂಗ್ ಇದೆ, ಹಾರ ಶಾಲು ಇದೆ, ಡ್ರೋನ್ ವಿಡಿಯೊ ಕೂಡ ಇದೆ. ಕಾಗದ ಇಲ್ಲ. ಅತ್ತಿಮಬ್ಬೆ ಈಗ ಬಂದಿದ್ದರೆ ಆಕೆಗೂ ಒಂದು ಶಾಲು ಹೊದಿಸಿ, ‘ಎರಡೇ ಮಾತು ಅಮ್ಮ, ಟೈಮಿಲ್ಲ’ ಅಂತ ಕೂರಿಸುತ್ತಿದ್ದರು.

ತಾಣ ಬಳಸಲು ಅರ್ಜಿ ಹಾಕಬೇಕು. ಆಧಾರ್ ಜೆರಾಕ್ಸ್ ಎರಡು, ಫೋಟೊ ಎರಡು, ಬರಹಗಾರ ಅಂತ ಪತ್ರಾಂಕಿತ ಅಧಿಕಾರಿಯಿಂದ ಒಂದು ದೃಢೀಕರಣ. ‘ಬರೆಯಲಿರುವ ವಿಷಯ’ ಅಂತ ಒಂದು ಕಾಲಂ. ‘ಅಂದಾಜು ಪುಟ’ ಅಂತ ಇನ್ನೊಂದು. ಸ್ಫೂರ್ತಿ ಬೆಳಿಗ್ಗೆ 10ರಿಂದ ಸಂಜೆ 5ರ ಒಳಗೆ ಬರಬೇಕು, ಸೋಮವಾರ ರಜೆ. ಆ ಅರ್ಜಿ ತುಂಬಿದ್ದೇ ಈ ವರ್ಷ ನಾನು ಬರೆದ ಅತಿ ದೊಡ್ಡ ಗದ್ಯ.

ಇಷ್ಟಾದರೂ ಅಲ್ಲಿ ಬರೆಯಲು ಮೊದಲು ಬಂದವರು ಪ್ರೇಮಿಗಳು. ಅವರಿಗೆ ಅರ್ಜಿ ಬೇಡ, ಪೆನ್ನೂ ಬೇಡ, ಬೈಕಿನ ಕೀಲಿ ಸಾಕು. ಒಂದೇ ವಾರದಲ್ಲಿ ಒಳಗೋಡೆ ಪೂರ್ತಿ ಹೆಸರು, ಹೃದಯ, ಬಾಣ. ಸಮಿತಿ ಬೆಚ್ಚಿಬಿತ್ತು. ಗುಡಿಯಲ್ಲಿರುವ ಎಚ್ಚರಿಕೆ ಫಲಕದ ಒಕ್ಕಣೆಯನ್ನೇ ನಕಲು ಮಾಡಿಸಿ ತಂದು ಓರೆಕಲ್ಲಿನ ಎದುರಿಗೆ ಹೊಡೆದರು. ಈಗ ಬರಹ ತಾಣದೊಳಗೆ ಬರಹಗಾರನ ಕಣ್ಣಿಗೆ ಮೊದಲು ಬೀಳುವ ಸಾಲು: ‘ಇಲ್ಲಿ ಬರೆಯುವುದು ಶಿಕ್ಷಾರ್ಹ ಅಪರಾಧ.’

ಅದೇ ಕಾನೂನು ಸ್ವಾಮಿ. ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇದನ್ನು ಓದಿದಾಗೆಲ್ಲ ನನಗೆ ರನ್ನನದೇ ಚಿಂತೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆ ಮೇಲೆ ‘ಶ್ರೀ ಕವಿರತ್ನ’ ಅಂತ ಕೊರೆದ ಅಕ್ಷರ ಇದೆ. ರನ್ನ ತಾನೇ ಬರೆದದ್ದು ಅಂತ ಬಲ್ಲವರು ಹೇಳುತ್ತಾರೆ. ಇವತ್ತಾಗಿದ್ದರೆ ಕವಿಚಕ್ರವರ್ತಿ ಠಾಣೆಯಲ್ಲಿ ಕೂತಿರುತ್ತಿದ್ದ. ಕಾನೂನಿನಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಪುರಾತನ ಅನ್ನಿಸಿಕೊಳ್ಳಲು ಕನಿಷ್ಠ 100 ವರ್ಷ ಆಗಿರಬೇಕು. ಹಾಗಾಗಿ ಕೀಲಿಯಲ್ಲಿ ಗೀಚಿದ ಹುಡುಗ ಇವತ್ತು ಸಿಕ್ಕಿಬಿದ್ದರೆ ಕಿಡಿಗೇಡಿ. ಅವನ ಗೀಚು ನೂರು ವರ್ಷ ತಡೆದುಕೊಂಡರೆ ಯಾರಾದರೂ ಪ್ರಾಧ್ಯಾಪಕರು ಅಚ್ಚು ತೆಗೆದುಕೊಂಡು ಹೋಗಿ, ‘ಈ ಹೃದಯಕ್ಕೆ ಬಾಣ ನೆಟ್ಟ ರಾಜವಂಶ ಯಾವುದು’ ಅಂತ ಪ್ರಬಂಧ ಮಂಡಿಸಬಹುದು.

ಹೋದ ಗುರುವಾರ ನನ್ನ ಅರ್ಜಿ ಮಂಜೂರಾಯಿತು. ಹೋದೆ. ಮೋಡ ಇತ್ತು, ಛತ್ರಿ ಬಿಚ್ಚಿ ತೂತಿನ ಕೆಳಗೆ ಇಟ್ಟೆ. ಕಲ್ಲಿನ ಮೇಲೆ ಎರಡು ಸಲ ಜಾರಿ, ಕೊನೆಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆ ಮೇಲೆ ಪುಸ್ತಕ ಇಟ್ಟುಕೊಂಡೆ. ಮೊದಲ ಪದ ಬರೆದಿದ್ದೆ ಅಷ್ಟೇ. ಜೋರಾಗಿ ಸೀಟಿ.

ಕಾವಲುಗಾರ ಓಡಿ ಬಂದ. ನನ್ನನ್ನು ನೋಡಿ ಹಲ್ಲು ಕಿರಿದ.

‘ಓ, ನೀವಾ ಸಾರ್. ಯಾರಾದ್ರೂ ಬರೀತಾ ಇದ್ರೆ ಸೀಟಿ ಊದು ಅಂತ ಆರ್ಡರ್ ಆಗೈತೆ.’

‘ಇದು ಬರೆಯೋ ಜಾಗ ಕಣಪ್ಪ.’

‘ಹೌದಾ?’ ಅಂತ ಫಲಕದ ಕಡೆ ನೋಡಿದ. ಆಮೇಲೆ ನನ್ನ ಕೈಯನ್ನು ನೋಡಿದ. ‘ಸಾರ್, ಆ ಪೆನ್ನು ಒಂದು ನಿಮಿಷ ಕೊಡಿ. ರಿಜಿಸ್ಟರ್ ಬರೀಬೇಕಿತ್ತು, ಆಫೀಸಲ್ಲಿ ಪೆನ್ ಕೊಟ್ಟಿಲ್ಲ.’

ಕೊಟ್ಟೆ. ಬಾಗಿಲಿಗೆ ಒರಗಿ ನಿಂತು, ನಿಧಾನಕ್ಕೆ, ದುಂಡಗಿನ ಚೆಂದದ ಅಕ್ಷರದಲ್ಲಿ ಬರೆದ: ‘ಬಂದವರು – 1. ಬರೆದವರು – ಇಲ್ಲ.’ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಟೀ ಕುಡಿಯಲು ಹೋದ.