ಸ್ಪಷ್ಟನೆ: ತೂಕ ಸರಿಯಿದ್ದರೂ ಊಟದ ಕಾಯಿಲೆ ಇರಬಹುದು

"ಮೈಕೈ ತುಂಬಿಕೊಂಡವರಿಗೆ ಊಟದ ಕಾಯಿಲೆ ಬರಲ್ಲ, ಅದು ಒಣಕಲು ಹುಡುಗಿಯರ ಹಟ ಅಷ್ಟೇ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಬುಲಿಮಿಯಾ ಎಂಬ ಊಟದ ಕಾಯಿಲೆ ಇರುವ ಎಷ್ಟೋ ಜನರ ತೂಕ ಸರಿಯಾಗಿಯೇ ಇರುತ್ತದೆ. ಒಂದೇ ಸಲಕ್ಕೆ ತುಂಬಾ ಜಾಸ್ತಿ ತಿಂದು, ಆಮೇಲೆ ಭಯ, ನಾಚಿಕೆಯಿಂದ ಬೇಕಂತಲೇ ವಾಂತಿ ಮಾಡುತ್ತಾರೆ. ಪದೇ ಪದೇ ಹೀಗಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ಏರುಪೇರಾಗಬಹುದು. ಹೊರಗಿಂದ ನೋಡಿದರೆ ಇದೆಲ್ಲ ಗೊತ್ತಾಗುವುದಿಲ್ಲ, ಅಲ್ವಾ? ಗಂಡುಮಕ್ಕಳಿಗೂ ಬರುತ್ತದೆ.

ಇಂಥವರಿಗೆ "ಸುಮ್ನೆ ತಿನ್ನು" ಎಂದು ದಯವಿಟ್ಟು ಗದರಬೇಡಿ. ಮೈಯ ಬಗ್ಗೆ ಮಾತೇ ಬೇಡ, ಹೊಗಳಿಕೆಯೂ ಬೇಡ. ಜೊತೆಗೆ ಕೂತು ಉಣ್ಣಿ, ಊಟವಾದ ಮೇಲೂ ಸ್ವಲ್ಪ ಹೊತ್ತು ಹತ್ತಿರವೇ ಇರಿ. ಡಾಕ್ಟರಿಗೆ ತೋರಿಸಿ. ಎಲ್ಲಿಂದ ಶುರು ಮಾಡುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.