ನೋವು ಇಳಿದ ದಿನವೇ ಮೂಳೆ ಕೂಡಿದ ದಿನವಲ್ಲ

ಹದಿಹರೆಯದ ಮಕ್ಕಳು ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಬಾಗುವ ತೊಂದರೆ) ಆಪರೇಷನ್ ಆದ ನಾಲ್ಕೇ ವಾರಕ್ಕೆ ಶಾಲೆಗೆ ಹೊರಟ ವಿಡಿಯೊಗಳು ಬೇಕಾದಷ್ಟಿವೆ. ಐವತ್ತು ದಾಟಿದವರೂ ಅದನ್ನೇ ನೋಡಿ ರಜೆ ಹಾಕುತ್ತಾರೆ, ಆರು ವಾರಕ್ಕೆಲ್ಲ ಮೊದಲಿನಂತಾಗುತ್ತೇನೆ ಅಂತ ಮನೆಯವರಿಗೂ ಹೇಳಿಬಿಡುತ್ತಾರೆ. ಆರನೇ ವಾರ ಬಂದಾಗ ನೋಡಿದರೆ ಮಧ್ಯಾಹ್ನ ಮಲಗದೆ ಆಗುವುದಿಲ್ಲ, ಅರ್ಧ ಗಂಟೆ ಕೂತರೆ ಬೆನ್ನು ಉರಿಯುತ್ತದೆ. ಆಪರೇಷನ್ ಕೆಟ್ಟಿತೇನೋ ಅನ್ನುವ ಭಯ ಶುರು. ಬಹುಪಾಲು ಸಲ ಏನೂ ಕೆಟ್ಟಿರುವುದಿಲ್ಲ, ಹಾಕಿಕೊಂಡ ಲೆಕ್ಕವೇ ತಪ್ಪಿರುತ್ತದೆ. ದೊಡ್ಡವರಿಗೆ ಇದು ಒಂದು ವರ್ಷದ ಕೆಲಸ. ಆ ಮಾತನ್ನು ಆಪರೇಷನ್‌ಗೆ ಮುಂಚೆಯೇ ಎದುರು ಕೂತು ಹೇಳಬೇಕು. ಡಿಸ್ಚಾರ್ಜ್ ಕಾಗದದಲ್ಲಿ ‘ಬಗ್ಗಬೇಡಿ, ಎತ್ತಬೇಡಿ, ತಿರುಚಬೇಡಿ’ ಅಂತ ಬರೆದುಕೊಟ್ಟರೆ ಮುಗಿಯಿತು ಅನ್ನುವುದು ನನಗಂತೂ ಒಪ್ಪಿಗೆಯಿಲ್ಲ.

ಮಕ್ಕಳ ಬೆನ್ನಿನ ಬಾಗು ಇನ್ನೂ ಸಡಿಲವಾಗಿರುತ್ತದೆ, ಮೂಳೆ ಗಟ್ಟಿಯಿರುತ್ತದೆ, ಎಷ್ಟೋ ಸಲ ಎದೆ ಭಾಗದ ಕಶೇರುಗಳನ್ನಷ್ಟೇ (ಬೆನ್ನುಮೂಳೆಯ ಮಣಿಗಳು) ಜೋಡಿಸಿದರೆ ಸಾಕಾಗುತ್ತದೆ. ದೊಡ್ಡವರಲ್ಲಿ ದಶಕಗಟ್ಟಲೆ ಬಾಗಿದ ಬೆನ್ನು ಹಾಗೆಯೇ ಬಿಗಿದುಕೊಂಡಿರುತ್ತದೆ. ಕಶೇರುಗಳ ನಡುವಿನ ಮೆತ್ತೆಯಾದ ಡಿಸ್ಕ್ ಸವೆದಿರುತ್ತದೆ, ಕಾಲಿಗೆ ಇಳಿಯುವ ನರ ಒತ್ತಿಕೊಂಡಿರುತ್ತದೆ. ಅದನ್ನು ನೇರ ಮಾಡಲು ಕೆಲವೆಡೆ ಮೂಳೆಯನ್ನೇ ಕತ್ತರಿಸಬೇಕಾಗಬಹುದು, ಡಿಸ್ಕಿನ ಜಾಗದಲ್ಲಿ ಕೇಜ್ ಅನ್ನುವ ಪುಟ್ಟ ಆಸರೆ ಕೂರಿಸಬೇಕಾಗಬಹುದು, ಸ್ಕ್ರೂಗಳನ್ನು ಸೊಂಟದ ಎಲುಬಾದ ಪೆಲ್ವಿಸ್‌ವರೆಗೂ ಇಳಿಸಬೇಕಾಗಬಹುದು. ಕೆಲವರಿಗೆ ಇದನ್ನು ಒಂದೇ ಸಲಕ್ಕೆ ಮಾಡುವುದಿಲ್ಲ, ಎರಡು ಹಂತದಲ್ಲಿ ಮಾಡುತ್ತಾರೆ. ಹೆಸರು ಒಂದೇ ಆದರೂ ಎರಡೂ ಒಂದೇ ಆಪರೇಷನ್ ಅಲ್ಲ.

ಮುಖ್ಯವಾದದ್ದು ಇದು: ಟೈಟಾನಿಯಂ ಅಥವಾ ಕೋಬಾಲ್ಟ್ ಕ್ರೋಮ್ ರಾಡ್‌ಗಳು ನಿಮ್ಮ ಬೆನ್ನನ್ನು ಜೀವನಪೂರ್ತಿ ಹೊರಲು ಹಾಕಿದವಲ್ಲ. ಕಶೇರುಗಳ ಪಕ್ಕದಲ್ಲಿ ತುಂಬಿದ ಮೂಳೆಚೂರು ಬೆಸೆದುಕೊಂಡು ಒಂದೇ ಗಟ್ಟಿ ಮೂಳೆಯಾಗುವ ತನಕ ಎಲ್ಲವನ್ನೂ ಅಲುಗದಂತೆ ಹಿಡಿದಿಡುವುದು ಅವುಗಳ ಕೆಲಸ. ದೊಡ್ಡವರಲ್ಲಿ ಈ ಬೆಸುಗೆಗೆ 6 ತಿಂಗಳಿಂದ 1 ವರ್ಷ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಎಲ್ಲೋ ಒಂದು ಕಡೆ ಮೂಳೆ ಕೂಡದೆ ಉಳಿದರೆ ಹೆಜ್ಜೆಹೆಜ್ಜೆಗೂ ಆ ಜಾಗದಲ್ಲಿ ರಾಡ್ ಕೂದಲೆಳೆಯಷ್ಟು ಬಾಗುತ್ತದೆ, ಮತ್ತೆ ನೇರವಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಏನಾಗುತ್ತದೋ ಕೊನೆಗೆ ಅದೇ ಆಗುವುದು. ಸೊಂಟದ ಕೊನೆಯ ಕಶೇರು ತ್ರಿಕಾಸ್ಥಿಗೆ (ಬೆನ್ನುಮೂಳೆಯ ಬುಡದ ತ್ರಿಕೋನ ಮೂಳೆ) ಸೇರುವ ಕಡೆ ಭಾರ ಜಾಸ್ತಿ, ಮೂಳೆ ಕೂಡದೆ ಉಳಿಯುವ ಅಪಾಯವೂ ಅಲ್ಲೇ ಜಾಸ್ತಿ.

ಆಸ್ಪತ್ರೆಯ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಲ್ಲಿ ನೋಡಿಕೊಳ್ಳಲು ಜನ ಇರುತ್ತಾರೆ. ಮರುದಿನವೋ ಅದರ ಮರುದಿನವೋ ಎಬ್ಬಿಸಿ ನಿಲ್ಲಿಸುತ್ತಾರೆ. ನೋವಾದರೂ ಬೇಡ ಅನ್ನಬೇಡಿ. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಶ್ವಾಸಕೋಶದ ತಳಭಾಗ ಮುಚ್ಚಿಕೊಳ್ಳುತ್ತದೆ. ಊದುವ ಆಟಿಕೆಯಂತೆ ಕಾಣುವ ಸ್ಪೈರೋಮೀಟರ್ ಕೊಟ್ಟಿದ್ದರೆ ಎಚ್ಚರವಿರುವಾಗ ಗಂಟೆಗೆ ಹತ್ತು ಸಲ ಉಸಿರನ್ನು ಒಳಗೆ ಎಳೆಯಿರಿ. ಊದುವುದಲ್ಲ, ಎಳೆಯುವುದು.

ಮನೆಗೆ ಬಂದ ಮೇಲೆ ಮೊದಲ ಪರೀಕ್ಷೆ ಮಂಚ. ಅದರಿಂದ ಏಳುವುದನ್ನು ಆಪರೇಷನ್‌ಗೆ ಎರಡು ವಾರ ಮುಂಚೆಯೇ ರೂಢಿ ಮಾಡಿಕೊಳ್ಳಿ. ಅಂಗಾತ ಮಲಗಿದ್ದಲ್ಲಿಂದ ಮೊಣಕಾಲನ್ನು ಒಂದೊಂದಾಗಿ ಮಡಚಿ ಪಾದ ಊರಿ. ಹೊಟ್ಟೆಯನ್ನು ಮೆಲ್ಲಗೆ ಬಿಗಿ ಮಾಡಿ. ಹೆಗಲು, ಸೊಂಟ, ಮೊಣಕಾಲು ಮೂರೂ ಒಂದೇ ಸಲಕ್ಕೆ ಒಂದೇ ಕಡೆ ಹೊರಳಬೇಕು. ಮೇಲಿನ ಕೈಯನ್ನು ಎದೆಯ ಮುಂದೆ ಹಾಸಿಗೆಗೆ ಊರಿ. ಕಾಲುಗಳನ್ನು ಅಂಚಿನಿಂದ ಕೆಳಗೆ ಇಳಿಬಿಡುತ್ತಿದ್ದಂತೆಯೇ ಕೆಳಗಿನ ಮೊಣಕೈ ಮತ್ತು ಮೇಲಿನ ಅಂಗೈಯಿಂದ ಹಾಸಿಗೆಯನ್ನು ತಳ್ಳಿ. ಕಾಲಿನ ಭಾರವೇ ಮೈಯ ಮೇಲ್ಭಾಗವನ್ನು ಅರ್ಧ ಎತ್ತಿಕೊಡುತ್ತದೆ. ಎಡವುವುದು ಎರಡು ಕಡೆ. ಸೊಂಟ ಮೊದಲು ಹೊರಳಿ ಹೆಗಲು ಹಿಂದೆ ಉಳಿದರೆ ಅದೇ ತಿರುಚು. ಇನ್ನೊಂದು, ಪ್ರೀತಿಯಿಂದ ಸಹಾಯಕ್ಕೆ ಬಂದವರು ಕೈ ಹಿಡಿದು ಎಳೆಯುವುದು. ಸಹಾಯ ಮಾಡುವವರು ಒಂದು ಕೈಯನ್ನು ಹೆಗಲ ಹಿಂದೆ, ಇನ್ನೊಂದನ್ನು ಮೊಣಕಾಲಿನ ಬಳಿ ಇಟ್ಟು ಆಸರೆ ಕೊಡಬೇಕೇ ಹೊರತು ಕೈ ಎಳೆಯಬಾರದು. ಎದ್ದ ಕೂಡಲೇ ನಿಲ್ಲಬೇಡಿ, ಅಂಚಿನಲ್ಲೇ ಒಂದೆರಡು ನಿಮಿಷ ಕೂತಿರಿ. ರಕ್ತ ಕಡಿಮೆಯಾಗಿರುತ್ತದೆ, ಮೇಲೆ ನೋವಿನ ಮಾತ್ರೆ. ದಿಢೀರನೆ ನಿಂತರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಮಲಗುವುದಕ್ಕೆ ಇದೇ ಕ್ರಮ ತಿರುಗಾಮುರುಗಾ. ಅಂಗಾತ ಮಲಗಿದಾಗ ಮೊಣಕಾಲಿನ ಕೆಳಗೆ ದಿಂಬು, ಮಗ್ಗುಲಾದಾಗ ಎರಡು ಮೊಣಕಾಲಿನ ನಡುವೆ.

ಇನ್ನು ಯಾರೂ ಬಾಯಿ ಬಿಟ್ಟು ಹೇಳದ ವಿಷಯ, ಶೌಚ. ಪೆಲ್ವಿಸ್‌ವರೆಗೆ ಫ್ಯೂಷನ್ (ಕಶೇರುಗಳ ಬೆಸುಗೆ) ಆದವರಿಗೆ ಸೊಂಟ ಬಗ್ಗುವುದಿಲ್ಲ, ತಿರುಗುವುದೂ ಇಲ್ಲ. ಎಷ್ಟೋ ಜನರಿಗೆ ಕೈ ಹಿಂದಕ್ಕೆ ತಲುಪುವುದಿಲ್ಲ. ಇದು ಬರೀ ಮೊದಲ ತಿಂಗಳ ಕಷ್ಟವಲ್ಲ, ಕೆಲವರಿಗೆ ಶಾಶ್ವತ. ಆಪರೇಷನ್‌ಗೆ ಮುಂಚೆ ಬೆನ್ನು ಹಲಗೆಯಷ್ಟು ನೇರ ಇಟ್ಟುಕೊಂಡು ಕೈ ಎಲ್ಲಿಯವರೆಗೆ ಹೋಗುತ್ತದೆ ಅಂತ ಕೂತು ನೋಡಿ. ಮುಂದಿನಿಂದ ಕೈ ಹಾಕುವ ರೂಢಿ, ತಾನೇ ನೀರು ಚಿಮ್ಮಿಸುವ ಬಿಡೆ, ಉದ್ದ ಹಿಡಿಯ ಸಾಧನ, ಯಾವುದು ಹೊಂದುತ್ತದೆ ಅನ್ನುವುದನ್ನು ಮುಂಚೆಯೇ ಗೊತ್ತು ಮಾಡಿಕೊಂಡರೆ ಆಮೇಲಿನ ಮುಜುಗರ ಅರ್ಧ ತಪ್ಪುತ್ತದೆ. ಕಮೋಡಿನ ಮೇಲೆ ಎತ್ತರಿಸಿದ ಸೀಟು, ಪಕ್ಕದಲ್ಲಿ ಗಟ್ಟಿ ಹಿಡಿ ಬೇಕೇ ಬೇಕು. ಹಲ್ಲುಜ್ಜುವಾಗ ಉಗುಳಲು ಸಿಂಕಿಗೆ ಬಗ್ಗುವುದು ಎಲ್ಲರೂ ಮರೆತು ಮಾಡುವ ತಪ್ಪು. ಒಂದು ಲೋಟ ಬಾಯಿಯ ಹತ್ತಿರ ಹಿಡಿದು ಅದರಲ್ಲಿ ಉಗುಳಿ. ದಿನಬಳಕೆಯದ್ದೆಲ್ಲ ಸೊಂಟಕ್ಕೂ ಹೆಗಲಿಗೂ ನಡುವಿನ ಎತ್ತರಕ್ಕೆ ಬರಲಿ. ಬಿದ್ದದ್ದನ್ನು ಎತ್ತುವ ಉದ್ದ ಚಿಮಟ, ಕಾಲುಚೀಲ ಹಾಕುವ ಸಾಧನ, ಉದ್ದ ಶೂಹಾರ್ನ್ ತಂದಿಟ್ಟುಕೊಳ್ಳಿ. ದಪ್ಪ ಮೆತ್ತೆಯ ಸೋಫಾದಲ್ಲಿ ಕೂತರೆ ಏಳಲಾಗುವುದಿಲ್ಲ. ಕೈಗಳಿರುವ ಗಟ್ಟಿ ಕುರ್ಚಿ, ಅದೂ ಕೂತಾಗ ಸೊಂಟ ಮೊಣಕಾಲಿಗಿಂತ ತುಸು ಮೇಲಿರುವಷ್ಟು ಎತ್ತರದ್ದು ಬೇಕು. ಮೊದಲ ವಾರಗಳಲ್ಲಿ ಒಂದು ಸಲಕ್ಕೆ 20-30 ನಿಮಿಷ ಕೂತರೆ ಸಾಕು.

ಮಾತ್ರೆಯ ವಿಷಯಕ್ಕೆ ಬಂದರೆ, ಒಪಿಯಾಯ್ಡ್ ಗುಂಪಿನ (ಮಾರ್ಫಿನ್ ಜಾತಿಯ) ನೋವಿನ ಮಾತ್ರೆ ಶುರುವಾದ ದಿನವೇ ಮಲಬದ್ಧತೆಗೂ ಮಾತ್ರೆ ಶುರುವಾಗಬೇಕು, ನಾಲ್ಕು ದಿನ ಕಾದಲ್ಲ. ಈ ಮಾತ್ರೆಗಳು ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತವೆ. ಹಾಗಾಗಿ ಬರೀ ನಾರಿನ ಪುಡಿ ತಿಂದರೆ ಒಳಗೆ ಗಂಟು ಕಟ್ಟಿಕೊಂಡು ಹೊಟ್ಟೆ ಇನ್ನಷ್ಟು ಬಿಗಿಯುತ್ತದೆ. ಕರುಳನ್ನು ಚುರುಕು ಮಾಡುವ ಸೆನ್ನಾದಂಥದ್ದು ಅಥವಾ ನೀರು ಹಿಡಿದಿಟ್ಟು ಮಲ ಮೆತ್ತಗೆ ಮಾಡುವಂಥದ್ದನ್ನು ಡಾಕ್ಟರಿಂದ ಕೇಳಿ ಬರೆಸಿಕೊಳ್ಳಿ. ಹೊಟ್ಟೆ ಉಬ್ಬಿ ವಾಂತಿಯಾದರೆ, ಗಾಳಿಯೂ ಹೋಗದಿದ್ದರೆ ಮನೆಮದ್ದು ಬೇಡ, ಆಸ್ಪತ್ರೆಗೆ ಹೋಗಿ. ಪ್ಯಾರಾಸಿಟಮಾಲ್ ಅನ್ನು ನೋವು ಬಂದಾಗಲ್ಲ, ಗಡಿಯಾರ ನೋಡಿ ತಗೊಳ್ಳಿ. ಆದರೆ 24 ಗಂಟೆಯಲ್ಲಿ ಒಟ್ಟು 4 ಗ್ರಾಂ ದಾಟಬಾರದು. ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಮಿತಿ ಅದಕ್ಕೂ ಕೆಳಗೆ. ಕೆಲವು ನೋವಿನ ಮಾತ್ರೆಗಳೊಳಗೇ ಪ್ಯಾರಾಸಿಟಮಾಲ್ ಸೇರಿರುತ್ತದೆ, ಲೆಕ್ಕ ತಪ್ಪುವುದು ಅಲ್ಲಿ. ಒಪಿಯಾಯ್ಡ್ ಆಗಲಿ ನರನೋವಿನ ಗ್ಯಾಬಪೆಂಟಿನ್ ಆಗಲಿ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಬೆವರು, ಸುರಿಯುವ ಮೂಗು, ಭೇದಿ, ರಾತ್ರಿಯಿಡೀ ಚಡಪಡಿಕೆ ಬಂದರೆ ಅದು ಜ್ವರವಲ್ಲದಿರಬಹುದು, ಮಾತ್ರೆಯನ್ನು ಥಟ್ಟನೆ ಬಿಟ್ಟದ್ದರ ಫಲ. ಡಾಕ್ಟರ ಹತ್ತಿರ ಮಾತಾಡಿ ಕೆಲವು ದಿನಗಳಿಗೊಂದು ಡೋಸಿನಂತೆ ಇಳಿಸಿ. ಹಗಲಿನದು ಮೊದಲು, ರಾತ್ರಿಯದು ಕೊನೆಗೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಮೂಳೆ ಕೂಡುವುದನ್ನು ತಡೆಯಬಹುದು ಅನ್ನುವ ಕಾರಣಕ್ಕೆ ಅನೇಕ ಸರ್ಜನ್‌ಗಳು ಮೊದಲ ಕೆಲವು ತಿಂಗಳು ಬೇಡ ಅನ್ನುತ್ತಾರೆ. ನಿಮ್ಮ ಸರ್ಜನ್ ಮಾತು ಏನು ಅಂತ ಕೇಳದೆ ಅಂಗಡಿಯಿಂದ ತಂದು ನುಂಗಬೇಡಿ.

ಸಿಗರೇಟಿನ ಬಗ್ಗೆ ನಾನು ನಯವಾಗಿ ಮಾತಾಡುವುದಿಲ್ಲ. ನಿಕೋಟಿನ್ ಹೊಸ ಮೂಳೆಗೆ ಬೇಕಾದ ಸಣ್ಣ ರಕ್ತನಾಳಗಳನ್ನೇ ಹಿಂಡುತ್ತದೆ. ಆಪರೇಷನ್ ಆದ ಮೇಲೂ ಸೇದುವವರು ಎಂಟು ಗಂಟೆ ಆಪರೇಷನ್ ಮೇಜಿನ ಮೇಲೆ ಮಲಗಿದ್ದನ್ನು ತಾವೇ ನೀರಿಗೆ ಹಾಕುತ್ತಿದ್ದಾರೆ. ಜಗಿಯುವ ತಂಬಾಕೂ ಅಷ್ಟೇ.

ಮೊದಲ ಮೂರು ತಿಂಗಳಿಗೆ ವ್ಯಾಯಾಮ ಅಂದರೆ ಹೆಚ್ಚೂಕಡಿಮೆ ನಡಿಗೆಯೊಂದೇ. ಒಮ್ಮೆಗೆ ಅರ್ಧ ಗಂಟೆ ನಡೆದು ಎರಡು ದಿನ ಮಲಗುವುದಕ್ಕಿಂತ ಐದೈದು ನಿಮಿಷದಂತೆ ದಿನಕ್ಕೆ ಐದಾರು ಸಲ ನಡೆಯುವುದು ಮೇಲು. ಮರುದಿನ ನೋವು ಹೆಚ್ಚಾಗಲಿಲ್ಲ ಅಂದರೆ ಪ್ರತಿ ಸಲಕ್ಕೂ ಒಂದೆರಡು ನಿಮಿಷ ಸೇರಿಸಿ. ವಾಕರ್ ಹಿಡಿದವರು ಅದರ ಎತ್ತರ ನೋಡಿಕೊಳ್ಳಬೇಕು: ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಗೆರೆಗೆ ಸರಿಯಾಗಿರಬೇಕು. ತಗ್ಗಾದರೆ ಮೈ ಮುಂದೆ ಬಾಗುತ್ತದೆ, ಆ ಭಾರವೆಲ್ಲ ಮೇಲ್ತುದಿಯ ಸ್ಕ್ರೂಗಳ ಮೇಲೆ ಬೀಳುತ್ತದೆ. ಎತ್ತುವ ಮಿತಿ ಸಾಮಾನ್ಯವಾಗಿ 3 ರಿಂದ 5 ಕಿಲೊ. ತುಂಬಿದ ಬಕೆಟ್, ಅಳುವ ಮಗು ಎರಡೂ ಇದರಾಚೆ.

ಕನ್ನಡಿಯಲ್ಲಿ ನೇರ ಕಾಣುತ್ತದೆ, ಒಳಗೆ ಮಾತ್ರ ಒಂದು ಕಡೆ ವಾಲಿದ ಹಾಗೆ ಅನಿಸುತ್ತದೆ. ಇದಕ್ಕೆ ಹೆದರಬೇಡಿ. ದಶಕಗಳಿಂದ ವಾಲಿದ್ದನ್ನೇ ನೇರ ಅಂತ ನಂಬಿದ್ದ ಮಿದುಳು ಹೊಸ ನೇರಕ್ಕೆ ಒಗ್ಗಲು ವಾರಗಳೋ ತಿಂಗಳುಗಳೋ ಹಿಡಿಯುತ್ತವೆ. ಎತ್ತರ ಕೆಲವು ಸೆಂಟಿಮೀಟರ್ ಹೆಚ್ಚಿರಬಹುದು, ಗಾಯದ ಸುತ್ತ ಚರ್ಮ ಮರಗಟ್ಟಿರಬಹುದು. ಮೂರನೇ ವಾರದ ಆಸುಪಾಸಿನಲ್ಲಿ ಕಾರಣವಿಲ್ಲದೆ ಅಳು ಬರುವುದೂ ಅಪರೂಪವಲ್ಲ: ನಿದ್ದೆ ಕೆಟ್ಟಿರುತ್ತದೆ, ರಕ್ತ ಕಡಿಮೆ, ಮಾತ್ರೆ ಇಳಿಯುತ್ತಿರುತ್ತದೆ, ಬಂದುಹೋಗುವವರೂ ನಿಂತಿರುತ್ತಾರೆ. ಎರಡು ವಾರ ಮೀರಿಯೂ ಮಂಕು ಕವಿದೇ ಇದ್ದರೆ ಅದಕ್ಕೂ ಡಾಕ್ಟರ್ ಇದ್ದಾರೆ.

ನನ್ನ ತಕರಾರು ಇರುವುದು ಮೂರರಿಂದ ಆರನೇ ತಿಂಗಳಿನ ಬಗ್ಗೆ. ಗಾಯ ಒಣಗಿದೆ, ಮಾತ್ರೆ ನಿಂತಿದೆ, ನೋವು ಅರ್ಧಕ್ಕಿಳಿದಿದೆ. ‘ಈಗ ಆರಾಮಾಗಿದ್ದೀಯಲ್ಲ’ ಅಂತ ಮನೆಯವರೂ ಕೆಲಸ ಹಚ್ಚುತ್ತಾರೆ, ತಾವೂ ಮಂಚ ಸರಿಸಲು ಹೋಗುತ್ತಾರೆ. ಹಗುರ ಅನಿಸುತ್ತಿರುವುದು ಲೋಹ ಗಟ್ಟಿಯಾಗಿ ಹಿಡಿದಿರುವುದರಿಂದ. ಒಳಗೆ ಮೂಳೆ ಇನ್ನೂ ಅರ್ಧ ಹಾದಿಯಲ್ಲಿರುತ್ತದೆ. ಮೇಜಿನ ಕೆಲಸದವರು ಎರಡು ಮೂರು ತಿಂಗಳಿಗೆ ಅರ್ಧ ದಿನದಂತೆ ಶುರು ಮಾಡಬಹುದು. ಭಾರದ ಕೆಲಸದವರಿಗೆ ಆರು ತಿಂಗಳು ಕಡಿಮೆಯೇ. ಒಪಿಯಾಯ್ಡ್ ನುಂಗುತ್ತಿರುವಷ್ಟು ದಿನ ಗಾಡಿ ಓಡಿಸುವ ಮಾತೇ ಇಲ್ಲ.

ಕಾಯದೆ ಹೋಗಬೇಕಾದವು ಕೆಲವಿವೆ. ಮೊದಲ ವಾರಗಳಲ್ಲಿ ಗಾಯ ಮತ್ತೆ ಒಸರಲು ಶುರುವಾದರೆ, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ಬಂದರೆ, ಇಳಿಯುತ್ತಿದ್ದ ನೋವು ತಿರುಗಿ ಏರಿದರೆ ಸೋಂಕಿನ ಅನುಮಾನ. ಉಳಿದ ಆ್ಯಂಟಿಬಯಾಟಿಕ್ ನುಂಗಿ ಮುಚ್ಚಿಹಾಕಬೇಡಿ. ಎದ್ದು ಕೂತರೆ ತಲೆ ಸಿಡಿದು ಮಲಗಿದರೆ ಇಳಿದರೆ ಬೆನ್ನುಹುರಿಯ ಸುತ್ತಲಿನ ದ್ರವ ಸೋರುತ್ತಿರಬಹುದು. ಒಂದೇ ಮೀನಖಂಡ ಊದಿಕೊಂಡು ನೋಯುವುದು, ದಿಢೀರ್ ಉಸಿರು ಕಟ್ಟುವುದು, ಕಾಲಿನ ಬಲ ಕುಗ್ಗುವುದು, ತೊಡೆಸಂದಿ ಮರಗಟ್ಟಿ ಮೂತ್ರ ಬಾರದಿರುವುದು, ಇವಕ್ಕೆ ಬೆಳಗಾಗುವ ತನಕ ಕಾಯುವಂತಿಲ್ಲ. ಮೆಲ್ಲಗೆ ಬರುವ ತೊಂದರೆ ಬೇರೆ ಥರದ್ದು. ಜೋಡಿಸಿದ ಭಾಗದ ತುದಿಗೆ ಸರಿಯಾಗಿ ಮೇಲಿರುವ ಕಶೇರು ಮುಂದಕ್ಕೆ ಕುಸಿಯುತ್ತ ಹೋಗಬಹುದು, ಮೊದಲ ತಿಂಗಳುಗಳಲ್ಲೇ. ಬೆನ್ನಿನ ಮೇಲ್ಭಾಗದಲ್ಲಿ ಹೊಸ ಉಬ್ಬು ಕಂಡರೆ, ತಲೆ ಮುಂದೆ ಚಾಚಿಕೊಂಡಂತಾದರೆ, ದೂರ ನೋಡಲು ಕತ್ತು ಎತ್ತಬೇಕಾದರೆ ತಡ ಮಾಡಬೇಡಿ. ಮೂಳೆ ಟೊಳ್ಳಾಗಿರುವವರಿಗೆ ಇದರ ಅಪಾಯ ಹೆಚ್ಚು. ಆದ್ದರಿಂದ ಮೂಳೆಸಾಂದ್ರತೆಯ ಪರೀಕ್ಷೆ, ವಿಟಮಿನ್ ಡಿ ಮಟ್ಟ ಇವೆರಡೂ ಆಪರೇಷನ್‌ಗೆ ಮುಂಚೆಯೇ ಆಗಿರಬೇಕು.

ರಾಡ್ ಮುರಿದರೆ ಕೆಲವರಿಗೆ ಟಪ್ ಅಂತ ಸದ್ದಾಗಿ ನೋವು ಕಿತ್ತುಕೊಂಡು ಬರುತ್ತದೆ. ಕೆಲವರಿಗೆ ಏನೂ ಗೊತ್ತಾಗುವುದಿಲ್ಲ, ವರ್ಷದ ಮೇಲಿನ ಎಕ್ಸ್-ರೇಯಲ್ಲಿ ಗೆರೆ ಕಾಣುತ್ತದೆ. ಆರು ವಾರ, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ, ಎರಡು ವರ್ಷ ಅಂತ ಕರೆಯುವುದು ಇದಕ್ಕೇ. ನಿಂತು ತೆಗೆಸಿದ, ತಲೆಯಿಂದ ಸೊಂಟದ ಕೀಲಿನವರೆಗೆ ಬರುವ ಪೂರ್ತಿ ಬೆನ್ನಿನ ಎಕ್ಸ್-ರೇಯೇ ಆಗಬೇಕು. ಮಲಗಿಸಿ ತೆಗೆದದ್ದರಲ್ಲಿ ಮೈ ಮುಂದೆ ವಾಲಿರುವುದು ಕಾಣುವುದಿಲ್ಲ. ಪ್ರತಿ ಸಲ ಆರನೇ ವಾರದ ಫಿಲ್ಮನ್ನೂ ಜೊತೆಗೆ ಒಯ್ಯಿರಿ, ನಿಧಾನವಾಗಿ ಆಗುವ ಬದಲಾವಣೆ ಅದರ ಪಕ್ಕದಲ್ಲಿಟ್ಟಾಗಲೇ ತಿಳಿಯುವುದು. ಯಾವ ಕಶೇರಿನಿಂದ ಯಾವುದರವರೆಗೆ ಜೋಡಿಸಿದ್ದಾರೆ, ಯಾವ ಲೋಹ, ಯಾವ ಅಳತೆಯ ರಾಡ್ ಅನ್ನುವ ಆಪರೇಷನ್ ಟಿಪ್ಪಣಿಯ ಪ್ರತಿಯನ್ನು ಈಗಲೇ ಕೇಳಿ ತೆಗೆದಿಡಿ. ಹತ್ತು ವರ್ಷದ ಮೇಲೆ ಬೇರೆ ಸರ್ಜನ್ ಎದುರು ಕೂತಾಗ ಅವರು ಮೊದಲು ಕೇಳುವುದು ಅದನ್ನೇ.